ವಾಚ್‌ಡಾಗ್ ಡ್ರೈವರ್‌ಗೆ ಡೀಫಾಲ್ಟ್ ಟೈಮ್‌ಔಟ್ ಎಷ್ಟಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಭೋಸರಿ, ಚಾಕಣ, ಹಿಂಜವಡಿ ಕಡೆ ಎಂಬೆಡೆಡ್ ಕೆಲಸ ಮಾಡುವ ಕನ್ನಡದವರು ಕಡಿಮೆ ಏನಿಲ್ಲ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದವರೇ ಜಾಸ್ತಿ. ನಾನೂ ಧಾರವಾಡದ ಕಡೆಯವನು. ಸಂಜೆ ಟಪರಿಯಲ್ಲಿ ಚಹಾ ಕುಡಿಯುವಾಗ ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುವ ಪ್ರಶ್ನೆಗಳಲ್ಲಿ ವಾಚ್‌ಡಾಗ್‌ನದ್ದೇ ದೊಡ್ಡ ಪಾಲು. ಹೇಳಿ ಹೇಳಿ ಸಾಕಾಯ್ತು, ಬರೆದಿಟ್ಟೆ.

ಇಲ್ಲಿರುವುದೆಲ್ಲ ಲಿನಕ್ಸ್ ಕರ್ನಲ್‌ನ ವಾಚ್‌ಡಾಗ್ ಕೋರ್ ಬಳಸುವ ಡ್ರೈವರ್‌ಗಳ ಮಾತು. ಈ ಕೋರ್, ಅಂದರೆ ವಾಚ್‌ಡಾಗ್ ಡ್ರೈವರ್‌ಗಳು ಹಂಚಿಕೊಳ್ಳುವ ಕೋಡ್, 2011ರಲ್ಲಿ 3.1ನೇ ಆವೃತ್ತಿಯ ಜೊತೆ ಬಂತು. ಫಂಕ್ಷನ್, ಫೀಲ್ಡ್ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಕೋಡಿನಲ್ಲಿ ಹುಡುಕುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿಕೊಳ್ಳಿ, ಸಿಗುತ್ತದೆ.

ವಾಚ್‌ಡಾಗ್ ಏನು ಮಾಡುತ್ತದೆ, ಚಿಕ್ಕದಾಗಿ ಹೇಳಿ.

ಚಿಪ್ಪಿನೊಳಗೆ ಒಂದು ಎಣಿಕೆ ಇಳಿಯುತ್ತಾ ಇರುತ್ತದೆ. ಅದು ಸೊನ್ನೆ ಮುಟ್ಟಿದರೆ ಇಡೀ ಬೋರ್ಡ್ ರೀಸೆಟ್. ಮುಟ್ಟುವ ಮೊದಲೇ ಸಾಫ್ಟ್‌ವೇರ್ ಬಂದು ಎಣಿಕೆಯನ್ನು ಮತ್ತೆ ಮೇಲಕ್ಕೆ ಏರಿಸಬೇಕು. ಇದಕ್ಕೆ ಪಿಂಗ್ ಅನ್ನುತ್ತಾರೆ, ಕಿಕ್ ಅನ್ನುತ್ತಾರೆ. ನಮ್ಮ ಬೆಂಚಿನಲ್ಲಿ "ನಾಯಿಗೆ ರೊಟ್ಟಿ ಹಾಕೋದು" ಅಂತೀವಿ. ಒಮ್ಮೆ ಹಾಕಿದ ರೊಟ್ಟಿ ಎಷ್ಟು ಸೆಕೆಂಡಿಗೆ ಸಾಕು ಅನ್ನುವುದೇ ಟೈಮ್‌ಔಟ್.

ಡೀಫಾಲ್ಟ್ ಅಂದರೆ ಯಾರ ಡೀಫಾಲ್ಟ್? ಮೂರು ಕಡೆ ಮೂರು ನಂಬರ್ ಕಾಣಿಸ್ತಿದೆ.

ಹೌದು, ಮೂರು ಕಡೆಯಿಂದ ಬರಬಹುದು. ಮೊದಲನೆಯದು ಮಾಡ್ಯೂಲ್ ಪ್ಯಾರಾಮೀಟರ್. ಮಷೀನಿನ ಮುಂದೆ ಕೂತವರು ಡ್ರೈವರ್ ಲೋಡ್ ಮಾಡುವಾಗ ಅಥವಾ ಕರ್ನಲ್ ಕಮಾಂಡ್ ಲೈನಿನಲ್ಲಿ ಕೊಡುವುದು. ಎರಡನೆಯದು ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರ ಬರೆದಿಟ್ಟ ಫೈಲ್) ವಾಚ್‌ಡಾಗ್ ನೋಡ್ ಒಳಗಿನ "ಟೈಮ್‌ಔಟ್-ಸೆಕ್". ಇದು ಬೋರ್ಡ್ ಮಾಡಿದವರ ಮಾತು. ಮೂರನೆಯದು ಡ್ರೈವರ್ ಬರೆದವರು ಪ್ರೋಬ್‌ನಲ್ಲಿ (ಹಾರ್ಡ್‌ವೇರ್ ಸಿಕ್ಕಾಗ ಮೊದಲು ಓಡುವ ಡ್ರೈವರ್ ಫಂಕ್ಷನ್) ವಾಚ್‌ಡಾಗ್ ಡಿವೈಸ್ ಸ್ಟ್ರಕ್ಟಿನ ಟೈಮ್‌ಔಟ್ ಫೀಲ್ಡಿಗೆ ತುಂಬಿದ ಸಂಖ್ಯೆ.

ಮೂರರಲ್ಲಿ ಯಾವುದು ಗೆಲ್ಲಬೇಕು ಎಂದು ತೀರ್ಮಾನಿಸುವುದು "ವಾಚ್‌ಡಾಗ್ ಇನಿಟ್ ಟೈಮ್‌ಔಟ್" ಫಂಕ್ಷನ್. ಪ್ಯಾರಾಮೀಟರ್ ಸೊನ್ನೆ ಅಲ್ಲದಿದ್ದರೆ, ಮಿತಿಯೊಳಗೂ ಇದ್ದರೆ, ಅದನ್ನೇ ತೆಗೆದುಕೊಂಡು ವಾಪಸ್ ಹೋಗಿಬಿಡುತ್ತದೆ. ಇಲ್ಲದಿದ್ದರೆ ಡಿವೈಸ್ ಟ್ರೀ ನೋಡುತ್ತದೆ. ಅಲ್ಲೂ ಸರಿಯಾದದ್ದು ಸಿಗದಿದ್ದರೆ ಟೈಮ್‌ಔಟ್ ಫೀಲ್ಡನ್ನು ಮುಟ್ಟುವುದೇ ಇಲ್ಲ. ಮೊದಲೇ ಅಲ್ಲಿ ಏನಿತ್ತೋ ಅದೇ ಉಳಿಯುತ್ತದೆ.

ಅಂದರೆ ಡ್ರೈವರ್‌ನ ಡೀಫಾಲ್ಟ್ ಪಂಕ್ತಿಯಲ್ಲಿ ಕೊನೆಗೆ ಕೂರುವವನು. ಬೇರೆ ಯಾರೂ ಬಾಯಿ ಬಿಡದಿದ್ದರೆ ಮಾತ್ರ ಅವನ ಮಾತು ನಡೆಯಬೇಕು. ಡ್ರೈವರ್ ಬರೆಯುವ ಬಹಳ ಜನ ಇದನ್ನೇ ಮರೆತು ಅವನನ್ನು ಮೊದಲ ಎಲೆಗೆ ಕೂರಿಸುತ್ತಾರೆ. ಹೇಗೆ ಅಂತ ಮುಂದಿನ ಪ್ರಶ್ನೆ ನೋಡಿ.

ಡಿವೈಸ್ ಟ್ರೀಯಲ್ಲಿ 180 ಬರೆದಿದ್ದೇನೆ. ಬೂಟ್ ಆದ ಮೇಲೆ ನೋಡಿದರೆ 60! ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹತ್ತರಲ್ಲಿ ಎಂಟು ಸಲ ಕಾರಣ ಒಂದೇ. ಡ್ರೈವರ್ ಫೈಲಿನ ಮೇಲ್ಭಾಗ ತೆಗೆದು ನೋಡಿ. ಮಾಡ್ಯೂಲ್ ಪ್ಯಾರಾಮೀಟರ್ ಆಗಿರುವ ಟೈಮ್‌ಔಟ್ ವೇರಿಯಬಲ್‌ಗೆ ಅಲ್ಲೇ 60 ಅಂತ ಕೊಟ್ಟಿರುತ್ತಾರೆ. ಅದನ್ನೇ ಇನಿಟ್ ಟೈಮ್‌ಔಟ್ ಫಂಕ್ಷನ್‌ಗೆ ಕಳಿಸುತ್ತಾರೆ. ಫಂಕ್ಷನ್ ಏನು ಮಾಡೀತು? ಸೊನ್ನೆ ಅಲ್ಲದ್ದು ಬಂತು, ಅಂದರೆ ಯಾರೋ ಬೇಕಂತಲೇ ಕೊಟ್ಟಿದ್ದಾರೆ ಅಂದುಕೊಳ್ಳುತ್ತದೆ. 60 ಹಾಕಿ ಹೋಗುತ್ತದೆ. ನಿಮ್ಮ 180 ಇರುವ ಪುಟವನ್ನು ಅದು ತೆರೆಯುವುದೇ ಇಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಕರ್ನಲ್ ಲಾಗ್ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ.

ಸರಿಯಾದ ಕ್ರಮ ಹೀಗೆ. ಪ್ಯಾರಾಮೀಟರ್ ವೇರಿಯಬಲ್‌ಗೆ ಏನೂ ಕೊಡಬೇಡಿ, ಸೊನ್ನೆಯಾಗಿಯೇ ಇರಲಿ. 60 ಅನ್ನುವುದನ್ನು ಒಂದು ಡಿಫೈನ್ ಮಾಡಿ, ಪ್ರೋಬ್‌ನಲ್ಲಿ ಸ್ಟ್ರಕ್ಟಿನ ಟೈಮ್‌ಔಟ್ ಫೀಲ್ಡಿಗೆ ಹಾಕಿ. ಅದಾದ ಮೇಲೆ ಇನಿಟ್ ಟೈಮ್‌ಔಟ್ ಕರೆಯಿರಿ. ಈಗ ಸೊನ್ನೆ ಅಂದರೆ "ನನಗೆ ಯಾರೂ ಏನೂ ಹೇಳಿಲ್ಲ" ಎಂದು ಅರ್ಥ. ಪ್ಯಾರಾಮೀಟರ್‌ನ ವಿವರಣೆ ಸಾಲಿನಲ್ಲಿ ಮಾತ್ರ "ಡೀಫಾಲ್ಟ್ 60" ಅಂತ ಬರೆಯುವುದನ್ನು ಬಿಡಬೇಡಿ. ಬಳಸುವವರು ನೋಡುವುದು ಅದನ್ನೇ.

ಎರಡು ಸಾಲಿನ ಬದಲಾವಣೆ ಅಷ್ಟೇ. ಆದರೆ ಇದೇ ಎರಡು ಸಾಲು ನಮಗೆ ಒಂದು ಶುಕ್ರವಾರವನ್ನು ಪೂರ್ತಿ ತಿಂದು ಹಾಕಿತ್ತು.

ಆ ಶುಕ್ರವಾರ ಏನಾಯ್ತು?

ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗುರುವಾರ ವಾರದ ರಜೆ. ಕರೆಂಟ್ ತೆಗೆದು ರಿಪೇರಿ ಮಾಡುವುದೂ ಅವತ್ತೇ. ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ನಾವು ಮಷೀನುಗಳ ಪಕ್ಕ ಗೇಟ್‌ವೇ ಡಬ್ಬಿಗಳನ್ನು ಕೂರಿಸಿದ್ದೆವು. ಮೇಜಿನ ಮೇಲೆ ಅವು 25 ಸೆಕೆಂಡಿನಲ್ಲಿ ಬೂಟ್ ಆಗುತ್ತಿದ್ದವು. ಶುಕ್ರವಾರ ಬೆಳಿಗ್ಗೆ ಫೋನ್ ಬಂತು. ಅರ್ಧಕ್ಕರ್ಧ ಡಬ್ಬಿಗಳು ಮೇಲೆ ಏಳುತ್ತಲೇ ಇಲ್ಲ. ದೀಪ ಹತ್ತುತ್ತದೆ, ಒಂದು ನಿಮಿಷಕ್ಕೆ ಆರುತ್ತದೆ, ಮತ್ತೆ ಹತ್ತುತ್ತದೆ.

ನಾವು ಮೊದಲು ಪವರ್ ಸಪ್ಲೈ ಮೇಲೆ ಅನುಮಾನ ಪಟ್ಟೆವು. ಮಧ್ಯಾಹ್ನದವರೆಗೆ ಮಲ್ಟಿಮೀಟರ್ ಹಿಡಿದು ಓಡಾಡಿದ್ದೇ ಬಂತು. ಸೀರಿಯಲ್ ಕೇಬಲ್ ಹಾಕಿ ನೋಡಿದಾಗ ನಿಜ ಗೊತ್ತಾಯಿತು. ಕರೆಂಟ್ ಏಕಾಏಕಿ ಹೋದದ್ದರಿಂದ ಬೂಟ್ ಆಗುವಾಗ ಫೈಲ್ ಸಿಸ್ಟಮ್ ತಪಾಸಣೆ ನಡೆಯುತ್ತಿತ್ತು. ಎರಡು ವರ್ಷ ಡೇಟಾ ತುಂಬಿದ ಕಾರ್ಡು, ತಪಾಸಣೆಗೆ ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ವಾಚ್‌ಡಾಗ್ ಮಾತ್ರ ಕರ್ನಲ್‌ಗಿಂತ ಮೊದಲು ಓಡುವ ಬೂಟ್‌ಲೋಡರ್ ಯೂ-ಬೂಟ್‌ನಲ್ಲೇ ಶುರುವಾಗಿರುತ್ತದೆ. ನಮ್ಮ ಡ್ರೈವರ್ ಅದಕ್ಕೆ 60 ತುಂಬಿ ಸುಮ್ಮನಾಗುತ್ತಿತ್ತು. ತಪಾಸಣೆ ಮುಗಿಯುವ ಮೊದಲೇ ರೀಸೆಟ್. ಮತ್ತೆ ತಪಾಸಣೆ, ಮತ್ತೆ ರೀಸೆಟ್. ಇಂಥದ್ದಾಗಬಹುದು ಅಂತಲೇ ಡಿವೈಸ್ ಟ್ರೀಯಲ್ಲಿ 180 ಬರೆದಿದ್ದೆವು ನೋಡಿ. ಅದನ್ನು ಯಾರೂ ಓದಿರಲಿಲ್ಲ.

ಡ್ರೈವರ್ ಬೇರೆ ಯಾರದ್ದೋ ಅಲ್ಲ, ನನ್ನದೇ.

ಪ್ಯಾರಾಮೀಟರ್ ಸರಿ ಮಾಡಿದ ಮೇಲೆ 180 ಬಂತು. ಆದರೆ ಬೋರ್ಡ್ ಒಂದೇ ಸೆಕೆಂಡಿಗೆ ರೀಬೂಟ್ ಆಗ್ತಿದೆ!

ನಮಗೂ ಇದೇ ಆಯಿತು. ಒಂದು ಹುಳ ತೆಗೆದರೆ ಅದರ ಹಿಂದೆ ಇನ್ನೊಂದು. ಲೆಕ್ಕ ಮಾಡಿ ನೋಡೋಣ.

ಟೈಮರ್ ಗಡಿಯಾರ 24 ಮೆಗಾಹರ್ಟ್ಸ್. ಎಣಿಕೆಯ ರಿಜಿಸ್ಟರ್ 32 ಬಿಟ್, ಅಂದರೆ ಅದರಲ್ಲಿ 429,49,67,295ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. 60 ಸೆಕೆಂಡಿಗೆ 144 ಕೋಟಿ ಎಣಿಕೆ, ಆರಾಮಾಗಿ ಕೂರುತ್ತದೆ. 180 ಸೆಕೆಂಡಿಗೆ 432 ಕೋಟಿ, ಹಿಡಿಯುವುದಿಲ್ಲ. ಉಕ್ಕಿ ಹೋಗಿ ಕೊನೆಗೆ ಉಳಿಯುವುದು ಸುಮಾರು ಎರಡೂವರೆ ಕೋಟಿ. ಅದು ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಅಷ್ಟೇ. ಮೂರು ನಿಮಿಷ ಕೇಳಿದವನಿಗೆ ಒಂದು ಸೆಕೆಂಡು ಸಿಕ್ಕಿತು. 179 ಕೇಳಿದ್ದರೆ ಇನ್ನೂ ಕೆಟ್ಟದು, ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಸಿಗುತ್ತಿರಲಿಲ್ಲ.

ಡೀಫಾಲ್ಟ್ 60 ಇರುವತನಕ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಇದರ ಕೆಟ್ಟತನ. ಗುಣಾಕಾರವನ್ನು 64 ಬಿಟ್‌ನಲ್ಲಿ ಮಾಡಿದರೆ ಉಕ್ಕುವುದು ಕಾಣಿಸುತ್ತದೆ. ಆದರೆ ರಿಜಿಸ್ಟರ್ ದೊಡ್ಡದಾಗುವುದಿಲ್ಲವಲ್ಲ. ಆದ್ದರಿಂದ ಹಾರ್ಡ್‌ವೇರ್‌ನ ಮಿತಿ ಎಷ್ಟು ಎಂದು ಕೋರ್‌ಗೆ ಮೊದಲೇ ಹೇಳಬೇಕು.

ಆ ಮಿತಿ ಹೇಳುವುದು ಹೇಗೆ? ಮ್ಯಾಕ್ಸ್ ಟೈಮ್‌ಔಟ್ ಸಾಕಾ?

ಎರಡು ದಾರಿ ಇದೆ. ಮ್ಯಾಕ್ಸ್ ಟೈಮ್‌ಔಟ್ ಇಟ್ಟರೆ ಅದಕ್ಕಿಂತ ದೊಡ್ಡದನ್ನು ಕೋರ್ ಒಪ್ಪುವುದಿಲ್ಲ, ಇಇನ್ವಾಲ್ (ತಪ್ಪು ಬೆಲೆ) ಎರರ್ ಕೊಡುತ್ತದೆ. ಇದು ಕಟ್ಟುನಿಟ್ಟಿನ ದಾರಿ.

ಇನ್ನೊಂದು "ಮ್ಯಾಕ್ಸ್ ಎಚ್‌ಡಬ್ಲ್ಯೂ ಹಾರ್ಟ್‌ಬೀಟ್ ಎಂಎಸ್". ಇದು ಮಿಲಿಸೆಕೆಂಡಿನಲ್ಲಿ. ಹಾರ್ಡ್‌ವೇರ್ ಒಂದು ರೊಟ್ಟಿಗೆ ಹೆಚ್ಚೆಂದರೆ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದನ್ನು ಇಲ್ಲಿ ಹೇಳುತ್ತೀರಿ. ಬಳಸುವವರು ಅದಕ್ಕಿಂತ ದೊಡ್ಡ ಟೈಮ್‌ಔಟ್ ಕೇಳಿದರೆ ಕೋರ್ ಇಲ್ಲ ಅನ್ನುವುದಿಲ್ಲ. ನಡುನಡುವೆ ತಾನೇ ಪಿಂಗ್ ಮಾಡಿ ಅಂತರ ತುಂಬಿಸುತ್ತದೆ. ಇದನ್ನು ತುಂಬಿದರೆ ಮ್ಯಾಕ್ಸ್ ಟೈಮ್‌ಔಟ್ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ಎರಡನೆಯದೇ ಇಷ್ಟ. ರಾಸ್ಪ್‌ಬೆರಿ ಪೈ ನೋಡಿ. ಅದರ ವಾಚ್‌ಡಾಗ್ ಎಣಿಕೆ 20 ಬಿಟ್, ಸೆಕೆಂಡಿಗೆ 65,536ರಂತೆ ಇಳಿಯುತ್ತದೆ. ಎಷ್ಟೇ ಎಳೆದರೂ 16 ಸೆಕೆಂಡು ದಾಟುವುದಿಲ್ಲ. ಅದರ ಡ್ರೈವರ್‌ನ ಡೀಫಾಲ್ಟ್ 15 ಆಗಿರುವುದು ಇದೇ ಕಾರಣಕ್ಕೆ. ಹಾರ್ಟ್‌ಬೀಟ್ ಫೀಲ್ಡ್ ಇರುವುದರಿಂದ ಅದೇ ಬೋರ್ಡಿನಲ್ಲಿ ಒಂದು ನಿಮಿಷವನ್ನೂ ಕೇಳಬಹುದು. ಕರ್ನಲ್ಲೇ ಸತ್ತರೆ 16 ಸೆಕೆಂಡಿನೊಳಗೆ ರೀಸೆಟ್, ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಾ ಪಿಂಗ್ ಮಾಡುವ ಪ್ರೋಗ್ರಾಮ್) ಮಾತ್ರ ಸತ್ತರೆ ಒಂದು ನಿಮಿಷಕ್ಕೆ ರೀಸೆಟ್. ಎರಡು ಹಂತದ ಕಾವಲು ಸುಮ್ನೆ ಸಿಕ್ಕ ಹಾಗೆ ಅಲ್ವಾ?

ಒಂದು ಎಚ್ಚರ. ಈ ಮಿತಿಗಳನ್ನೆಲ್ಲ ಇನಿಟ್ ಟೈಮ್‌ಔಟ್ ಕರೆಯುವ ಮೊದಲೇ ತುಂಬಿರಬೇಕು. ಆಮೇಲೆ ತುಂಬಿದರೆ ಯಾವ ಮಿತಿಯೂ ಇಲ್ಲ ಅಂದುಕೊಂಡು ಅದು ಸಿಕ್ಕಿದ್ದನ್ನು ಒಪ್ಪಿಬಿಡುತ್ತದೆ.

ಇನಿಟ್ ಟೈಮ್‌ಔಟ್ ಎರರ್ ಕೊಟ್ಟರೆ ಪ್ರೋಬ್ ಅಲ್ಲೇ ನಿಲ್ಲಿಸಬೇಕಾ?

ಬೇಡ. ಯಾರೋ 6000 ಅಂತ ತಪ್ಪಾಗಿ ಬರೆದರು ಅಂತ ಕಾವಲನ್ನೇ ತೆಗೆದುಹಾಕುತ್ತೀರಾ? ನಿಮ್ಮ ಡೀಫಾಲ್ಟ್ ಫೀಲ್ಡಿನಲ್ಲಿ ಹಾಗೇ ಇದೆ, ಅದರಲ್ಲೇ ಮುಂದುವರಿಯಿರಿ. ಈಗಿನ ಕೋರ್ "ಮಿತಿ ಮೀರಿದೆ, ಡೀಫಾಲ್ಟ್‌ಗೆ ಹೋಗುತ್ತಿದ್ದೇನೆ" ಎಂದು ತಾನೇ ಲಾಗ್‌ನಲ್ಲಿ ಹೇಳುತ್ತದೆ. ಬಹಳಷ್ಟು ಡ್ರೈವರ್‌ಗಳು ವಾಪಸ್ ಬಂದ ಬೆಲೆಯನ್ನು ನೋಡುವುದೂ ಇಲ್ಲ.

ಡೀಫಾಲ್ಟ್ ಹಾಕದೆ ಸೊನ್ನೆ ಬಿಟ್ಟರೆ? ಸೊನ್ನೆ ಅಂದರೆ ಆಫ್ ತಾನೇ?

ಅಲ್ಲ. ಕೋರ್ ಪಾಲಿಗೆ ಟೈಮ್‌ಔಟ್ ಸೊನ್ನೆ ಅಂದರೆ "ಎಷ್ಟು ಅಂತ ಗೊತ್ತಿಲ್ಲ". ಆಗ ಗೆಟ್ ಟೈಮ್‌ಔಟ್ ಕೇಳಿದವರಿಗೆ "ಈ ಸೌಲಭ್ಯ ಇಲ್ಲ" ಎಂಬ ಎರರ್ ಹೋಗುತ್ತದೆ. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಬೂಟ್‌ಲೋಡರ್‌ನಲ್ಲೇ ಶುರುವಾದ ವಾಚ್‌ಡಾಗ್‌ಗೆ ಡೀಮನ್ ಬರುವವರೆಗೆ ಕೋರ್ ತಾನೇ ರೊಟ್ಟಿ ಹಾಕುತ್ತದೆ ಅಲ್ವಾ? ಟೈಮ್‌ಔಟ್ ಸೊನ್ನೆ ಇದ್ದರೆ ಆ ಕೆಲಸವನ್ನೂ ಶುರು ಮಾಡುವುದಿಲ್ಲ. ಆಫ್ ಅಂದುಕೊಂಡು ಸೊನ್ನೆ ಬಿಟ್ಟವರ ಬೋರ್ಡ್ ಬೂಟ್ ನಡುವೆಯೇ ಬೀಳುತ್ತದೆ.

ಮಿನ್ ಟೈಮ್‌ಔಟ್ 1 ಇಡಿ. ಆಗ ಬಳಸುವವರೂ ಸೊನ್ನೆ ಕೊಡಲು ಆಗುವುದಿಲ್ಲ.

ಎಲ್ಲರೂ 60 ಯಾಕೆ ಇಡುತ್ತಾರೆ?

ಅಭ್ಯಾಸ. ಸಾಫ್ಟ್‌ಡಾಗ್‌ನಲ್ಲಿ 60 ಇದೆ, ಓಮ್ಯಾಪ್ ಡ್ರೈವರ್‌ನಲ್ಲಿ 60, ಐ.ಎಂಎಕ್ಸ್‌ನಲ್ಲಿ 60, ಎಸ್‌ಪಿ805ರಲ್ಲೂ 60. ಹೊಸ ಡ್ರೈವರ್ ಬರೆಯುವವರು ಹಳೆಯದೊಂದನ್ನು ಕಾಪಿ ಮಾಡಿ ಶುರು ಮಾಡುತ್ತಾರೆ, 60 ಕೂಡ ಜೊತೆಗೇ ಬರುತ್ತದೆ. ತಪ್ಪೇನಿಲ್ಲ, ಆದರೆ ಅದು ಶಾಸ್ತ್ರವೂ ಅಲ್ಲ. ಇಂಟೆಲ್ ಚಿಪ್‌ಸೆಟ್‌ಗಳ ಐಟಿಸಿಓ ಡ್ರೈವರ್‌ನಲ್ಲಿ 30 ಇದೆ. ಆಲ್‌ವಿನ್ನರ್ ಚಿಪ್ಪುಗಳಿಗೆ 16, ಯಾಕೆಂದರೆ ಆ ಹಾರ್ಡ್‌ವೇರ್ ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ. ಹಳೇ ಎಟಿ91 ಚಿಪ್ಪಿನಲ್ಲಿ 12 ಬಿಟ್ ಎಣಿಕೆ ಸೆಕೆಂಡಿಗೆ 256ರಂತೆ ಇಳಿಯುತ್ತದೆ, ಭಾಗಿಸಿದರೆ 16 ಸೆಕೆಂಡು. ಅದಕ್ಕೆ ಅಲ್ಲಿ ಡೀಫಾಲ್ಟ್ 15.

ಸರಿ, ನನ್ನ ಬೋರ್ಡಿಗೆ ಎಷ್ಟು ಇಡಲಿ?

ನೀವು ಡ್ರೈವರ್ ಬರೆಯುವವರೋ, ಬೋರ್ಡ್ ಮಾಡುವವರೋ? ಉತ್ತರ ಬೇರೆ ಬೇರೆ.

ಡ್ರೈವರ್ ಬರೆಯುವವರಾದರೆ ಉದಾರವಾಗಿರಿ. ನಿಮ್ಮ ಕೋಡ್ ಯಾವ ಡಬ್ಬಿಯೊಳಗೆ ಕೂರುತ್ತದೆ ಎಂದು ನಿಮಗೆ ಗೊತ್ತಿಲ್ಲ. 30ರಿಂದ 60ರ ನಡುವೆ, ಹಾರ್ಡ್‌ವೇರ್ ತಡೆಯುವಷ್ಟು ಇಡಿ. ಚುರುಕಾಗಿ ಬೇಕು ಅನ್ನುವವರು ಡಿವೈಸ್ ಟ್ರೀಯಲ್ಲಿ ಇಳಿಸಿಕೊಳ್ಳುತ್ತಾರೆ. ಡೀಫಾಲ್ಟ್ ಚಿಕ್ಕದಿದ್ದು ಬೂಟ್ ಲೂಪಿಗೆ ಬಿದ್ದರೆ ಮಾತ್ರ ಇಳಿಸಲೂ ಆಗುವುದಿಲ್ಲ, ಏರಿಸಲೂ ಆಗುವುದಿಲ್ಲ. ಸೀರಿಯಲ್ ಕೇಬಲ್ ಹಿಡಿದು ಭೋಸರಿಗೆ ಹೋಗಬೇಕು.

ಬೋರ್ಡ್ ಮಾಡುವವರಾದರೆ ಅಳೆಯಿರಿ. ಎಲ್ಲ ಸರಿ ಇದ್ದಾಗಲೂ ಡೀಮನ್ ಹೆಚ್ಚೆಂದರೆ ಎಷ್ಟು ಹೊತ್ತು ಪಿಂಗ್ ಮಾಡದೆ ಇರುತ್ತದೆ? ಲಾಗ್ ತಿರುಗಿಸುವಾಗ, ಫ್ಲಾಷ್‌ಗೆ ಅಪ್‌ಡೇಟ್ ಬರೆಯುವಾಗ, ಮೆಮೊರಿ ಕಡಿಮೆಯಾದಾಗ ನೋಡಿ. ಸಾವಕಾಶವಾಗಿ ಬರೆಯುವ ಅಗ್ಗದ ಕಾರ್ಡ್ ಹಾಕಿ ನೋಡಿ. ಬಂದದ್ದರ ಮೂರು ಪಟ್ಟು ಇಡುವುದು ನನ್ನ ಲೆಕ್ಕ. ಡೀಮನ್ ಟೈಮ್‌ಔಟಿನ ಅರ್ಧಕ್ಕಿಂತ ಬೇಗ ಪಿಂಗ್ ಮಾಡುವ ಹಾಗಿರಲಿ, ಒಂದು ಸಲ ತಪ್ಪಿದರೂ ಇನ್ನೊಂದು ಅವಕಾಶ ಸಿಗುತ್ತದೆ.

ಈ ಲೆಕ್ಕದಲ್ಲಿ ಬೂಟ್ ಸಮಯವನ್ನು ಸೇರಿಸಬೇಡಿ. ನಮ್ಮ ನಿಜವಾದ ತಪ್ಪು ಅಲ್ಲಿತ್ತು. ಬೂಟ್‌ಗೆ ಮೂರು ನಿಮಿಷ ಬೇಕಾಗಬಹುದು ಅಂತ ಟೈಮ್‌ಔಟನ್ನೇ 180 ಮಾಡಲು ಹೊರಟಿದ್ದೆವು. ಹಾಗೆ ಮಾಡಿದರೆ ಮೇಲೆ ಎದ್ದ ನಂತರ ಮಷೀನು ಹ್ಯಾಂಗ್ ಆದರೂ ಮೂರು ನಿಮಿಷ ಹಾಗೇ ನಿಂತಿರುತ್ತದೆ. ಒಂದೇ ನಂಬರಿಗೆ ಎರಡು ಕೆಲಸ ಹೇಳಿದ್ದೆವು. ಬೂಟ್‌ಗೆ ಬೇರೆಯೇ ಒಂದು ಗುಂಡಿ ಇದೆ.

ಯಾವ ಗುಂಡಿ? ಬೂಟ್‌ಲೋಡರ್ ಮೊದಲೇ ವಾಚ್‌ಡಾಗ್ ಶುರು ಮಾಡಿದ್ದರೆ ಡ್ರೈವರ್ ಏನು ಮಾಡಬೇಕು?

ಪ್ರೋಬ್‌ನಲ್ಲಿ ಹಾರ್ಡ್‌ವೇರ್ ಓಡುತ್ತಿದೆಯೇ ಎಂದು ರಿಜಿಸ್ಟರ್ ಓದಿ. ಓಡುತ್ತಿದ್ದರೆ "ಡಬ್ಲ್ಯೂಡಾಗ್ ಎಚ್‌ಡಬ್ಲ್ಯೂ ರನ್ನಿಂಗ್" ಬಿಟ್ ಏರಿಸಿ, ಆಮೇಲೆ ರಿಜಿಸ್ಟರ್ ಮಾಡಿಸಿ. ಡೀಮನ್ ಬಂದು ಡಿವೈಸ್ ಫೈಲ್ ತೆರೆಯುವವರೆಗೆ ಕೋರ್ ಪಿಂಗ್ ಮಾಡುತ್ತಿರುತ್ತದೆ.

ಇಲ್ಲೊಂದು ಗುಂಡಿ ಇದೆ, ಒತ್ತುವ ಗುಂಡಿಯಲ್ಲ, ಬೀಳುವ ಗುಂಡಿ. ಕೋರ್ ಪಿಂಗ್ ಮಾಡುವುದು ನೀವು ತುಂಬಿದ ಟೈಮ್‌ಔಟಿನ ಅರ್ಧಕ್ಕೊಮ್ಮೆ. ಹಾರ್ಟ್‌ಬೀಟ್ ಮಿತಿ ಅದಕ್ಕಿಂತ ಚಿಕ್ಕದಿದ್ದರೆ ಅದರ ಅರ್ಧ. ಬೂಟ್‌ಲೋಡರ್ ಹಾರ್ಡ್‌ವೇರ್‌ಗೆ 10 ಸೆಕೆಂಡು ಹಾಕಿದೆ, ನಿಮ್ಮ ಫೀಲ್ಡಿನಲ್ಲಿ 60 ಇದೆ ಅಂದುಕೊಳ್ಳಿ. ಕೋರ್ 30 ಸೆಕೆಂಡಿಗೊಮ್ಮೆ ಬರುತ್ತದೆ, ನಾಯಿ 10ಕ್ಕೇ ಕಚ್ಚುತ್ತದೆ. ಆದ್ದರಿಂದ ಬಿಟ್ ಏರಿಸುವ ಮೊದಲು ಟೈಮ್‌ಔಟನ್ನು ಹಾರ್ಡ್‌ವೇರ್‌ಗೂ ಬರೆಯಿರಿ. ಐ.ಎಂಎಕ್ಸ್ ಡ್ರೈವರ್ ಹೀಗೇ ಮಾಡುತ್ತದೆ. ನೋಡಿ ಕಲಿಯಲು ಒಳ್ಳೆಯ ಕೋಡ್.

ಇನ್ನು ನಾನು ಹೇಳಿದ ಬೂಟ್ ಗುಂಡಿ. ಕರ್ನಲ್ ಕಮಾಂಡ್ ಲೈನಿನಲ್ಲಿ ವಾಚ್‌ಡಾಗ್‌ನ "ಓಪನ್ ಟೈಮ್‌ಔಟ್" ಅಂತ ಒಂದು ಪ್ಯಾರಾಮೀಟರ್. ಡೀಮನ್ ಬರುವವರೆಗೆ ಕೋರ್ ಎಷ್ಟು ಸೆಕೆಂಡು ಕಾಯಬೇಕು ಅನ್ನುವುದು ಇದು. ಸುಮ್ನೆ ಬಿಟ್ಟರೆ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಹಾಗೆ ಬಿಡುವುದೂ ಅಪಾಯವೇ. ಬೂಟ್ ಅರ್ಧದಲ್ಲಿ ಸಿಕ್ಕಿಕೊಂಡರೆ ಕರ್ನಲ್ ಆಜೀವ ರೊಟ್ಟಿ ಹಾಕುತ್ತಾ ಕೂರುತ್ತದೆ. ಇದರ ಜೊತೆಗಿನ "ಹ್ಯಾಂಡಲ್ ಬೂಟ್ ಎನೇಬಲ್ಡ್" ಅನ್ನು ಸೊನ್ನೆ ಮಾಡಿದರೆ ಕೋರ್ ಪಿಂಗ್ ಮಾಡುವುದೇ ಇಲ್ಲ. ನಾವು ಹಿಂದೊಮ್ಮೆ ಜಾಣತನ ಮಾಡಿ ಸೊನ್ನೆ ಮಾಡಿದ್ದೆವು. ಆ ಶುಕ್ರವಾರಕ್ಕೆ ಅದೂ ಒಂದು ಕಾರಣ.

ಕೊನೆಗೆ ನಾವು ಇಟ್ಟದ್ದು ಹೀಗೆ: ಹ್ಯಾಂಡಲ್ ಬೂಟ್ ಎನೇಬಲ್ಡ್ ಮತ್ತೆ ಆನ್, ಓಪನ್ ಟೈಮ್‌ಔಟ್ 300, ಡಿವೈಸ್ ಟ್ರೀಯಲ್ಲಿ ಟೈಮ್‌ಔಟ್-ಸೆಕ್ 30. ಬೂಟ್‌ಗೆ ಐದು ನಿಮಿಷ, ಓಡುವಾಗ ಅರ್ಧ ನಿಮಿಷ. 180 ಯಾರಿಗೂ ಬೇಕಾಗಲೇ ಇಲ್ಲ.

45 ಕೇಳಿದೆ, ವಾಪಸ್ ಬೇರೆ ನಂಬರ್ ಬಂತು. ಬಗ್ಗಾ?

ಅಲ್ಲ, ಪ್ರಾಮಾಣಿಕತೆ. ಎಲ್ಲ ಹಾರ್ಡ್‌ವೇರ್‌ಗೂ ಒಂದೊಂದು ಸೆಕೆಂಡಿನ ಮೆಟ್ಟಿಲು ಇರುವುದಿಲ್ಲ. ನಿಮಿಷದ ಲೆಕ್ಕದಲ್ಲಿ ಮಾತ್ರ ನಡೆಯುವ ಚಿಪ್ಪಿಗೆ 45 ಕೇಳಿದರೆ 60 ಸಿಗುತ್ತದೆ. ಡಿಸೈನ್‌ವೇರ್ ವಾಚ್‌ಡಾಗ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಮೆಟ್ಟಿಲೂ ಹಿಂದಿನದರ ಎರಡು ಪಟ್ಟು. ಡ್ರೈವರ್ ಮಾಡಬೇಕಾದ್ದು ಇಷ್ಟೇ: ಮೇಲಿನ ಮೆಟ್ಟಿಲಿಗೆ ಏರಿಸಿ, ನಿಜವಾಗಿ ಕೂತ ಸಂಖ್ಯೆಯನ್ನೇ ಟೈಮ್‌ಔಟ್ ಫೀಲ್ಡಿಗೆ ಬರೆಯಬೇಕು. ಕೇಳಿದ್ದನ್ನೇ ಬರೆದು ಹಾರ್ಡ್‌ವೇರ್‌ಗೆ ಬೇರೆ ಹಾಕಿದರೆ ಅದು ಸುಳ್ಳು ಲೆಕ್ಕ. ಡೀಮನ್ ಬರೆಯುವವರೂ ಅಷ್ಟೇ, ಸೆಟ್ ಟೈಮ್‌ಔಟ್ ಮಾಡಿದ ಮೇಲೆ ವಾಪಸ್ ಬಂದ ಸಂಖ್ಯೆ ನೋಡಿ ಪಿಂಗ್ ಅಂತರ ಇಟ್ಟುಕೊಳ್ಳಬೇಕು.

ಹೊರಗಿನ ವಾಚ್‌ಡಾಗ್ ಚಿಪ್ ಇದೆ. ಡೇಟಾಶೀಟಿನಲ್ಲಿ 1.6 ಸೆಕೆಂಡು ಅಂತಿದೆ. ಅದನ್ನೇ ಹಾಕಲಾ?

1.6 ಇರುವುದು "ಟಿಪಿಕಲ್" ಕಾಲಂನಲ್ಲಿ. ಪಕ್ಕದ "ಮಿನಿಮಮ್" ಕಾಲಂ ನೋಡಿ. ಇಂಥ ಚಿಪ್ಪುಗಳ ಒಳಗಿನ ಗಡಿಯಾರ ಅಷ್ಟೇನೂ ನಿಖರವಲ್ಲ, ಕನಿಷ್ಠದ ಅಂಕಿ ಬಹಳ ಕೆಳಗಿರುತ್ತದೆ. ನೀವು ನಂಬಬೇಕಾದ್ದು ಅದನ್ನೇ. ಜಿಪಿಐಓ ಮೂಲಕ ತಟ್ಟುವ ವಾಚ್‌ಡಾಗ್ ಆದರೆ ಡಿವೈಸ್ ಟ್ರೀಯ "ಎಚ್‌ಡಬ್ಲ್ಯೂ ಮಾರ್ಜಿನ್ ಎಂಎಸ್"ಗೆ ಆ ಕನಿಷ್ಠವನ್ನು ಹಾಕಿ. ಬಳಸುವವರ ಟೈಮ್‌ಔಟ್ 60 ಆಗಿಯೇ ಇರಬಹುದು, ನಡುವಿನ ಪಿಂಗ್ ಕರ್ನಲ್‌ದು.

ಸಿಸ್ಟಮ್‌ಡಿ ಇದ್ದರೆ ಡ್ರೈವರ್‌ನ ಡೀಫಾಲ್ಟ್ ಲೆಕ್ಕಕ್ಕೆ ಬರುತ್ತದಾ?

ಸಿಸ್ಟಮ್‌ಡಿ (ಕರ್ನಲ್ ಎದ್ದ ಮೇಲೆ ಉಳಿದ ಸರ್ವಿಸ್‌ಗಳನ್ನು ಶುರು ಮಾಡುವ ಪ್ರೋಗ್ರಾಮ್) ಸೆಟ್ಟಿಂಗಿನಲ್ಲಿ "ರನ್‌ಟೈಮ್ ವಾಚ್‌ಡಾಗ್ ಸೆಕ್" ಇಟ್ಟಿದ್ದರೆ ಅದೇ ಮೇಲೆ ಬರೆದುಬಿಡುತ್ತದೆ. ಸಿಸ್ಟಮ್‌ಡಿ ಆ ಅವಧಿಯ ಅರ್ಧದೊಳಗೆ ಒಮ್ಮೆಯಾದರೂ ಪಿಂಗ್ ಮಾಡುತ್ತದೆ. ಇಡದಿದ್ದರೆ ಅದು ವಾಚ್‌ಡಾಗ್ ಮುಟ್ಟುವುದಿಲ್ಲ. ರೀಬೂಟ್ ಸಮಯದ್ದು ಬೇರೆ, "ರೀಬೂಟ್ ವಾಚ್‌ಡಾಗ್ ಸೆಕ್", ಅದು ಮೊದಲಿನಿಂದ 10 ನಿಮಿಷ. ಬಿಸಿಬಾಕ್ಸ್ (ಚಿಕ್ಕ ಬೋರ್ಡುಗಳಿಗೆ ಬಳಸುವ ಕಮಾಂಡ್‌ಗಳ ಗುಚ್ಛ) ಇದ್ದರೆ ಅದರ ವಾಚ್‌ಡಾಗ್ ಕಮಾಂಡ್ 60 ಇಟ್ಟು 30ಕ್ಕೊಮ್ಮೆ ಪಿಂಗ್ ಮಾಡುತ್ತದೆ. ಹಾಗಾಗಿ ಡ್ರೈವರ್‌ನ ಡೀಫಾಲ್ಟ್ ನಿಜವಾಗಿ ಕೆಲಸ ಮಾಡುವುದು ಬೂಟ್‌ಲೋಡರ್ ಬಿಟ್ಟ ಮೇಲೆ, ಇವರು ಬರುವ ಮೊದಲು.

ಪ್ರೀಟೈಮ್‌ಔಟ್‌ಗೂ ಡೀಫಾಲ್ಟ್ ಇಡಬೇಕಾ?

ಸೊನ್ನೆ ಬಿಡಿ. ಇದು ರೀಸೆಟ್‌ಗೆ ಮೊದಲು ಬರುವ ಎಚ್ಚರಿಕೆ. ಇದನ್ನು ಬಳಸುವವರಿಗೆ ಒಂದು ಮಾತು: ಇದು ಶುರುವಿನಿಂದ ಎಣಿಸುವುದಲ್ಲ, ಕೊನೆಯಿಂದ. ಟೈಮ್‌ಔಟ್ 60, ಪ್ರೀಟೈಮ್‌ಔಟ್ 10 ಅಂದರೆ ಎಚ್ಚರಿಕೆ ಬರುವುದು 50ನೇ ಸೆಕೆಂಡಿಗೆ. ಆಮೇಲೆ ಟೈಮ್‌ಔಟನ್ನು 10ಕ್ಕೋ ಅದಕ್ಕಿಂತ ಕೆಳಗೋ ಇಳಿಸಿದರೆ ಕೋರ್ ಪ್ರೀಟೈಮ್‌ಔಟನ್ನು ಸದ್ದಿಲ್ಲದೆ ತೆಗೆದುಹಾಕುತ್ತದೆ.

ಒಮ್ಮೆ ಬರೆದ ಮೇಲೆ ಬದಲಿಸಲಾಗದ ರಿಜಿಸ್ಟರ್ ಇದೆಯಂತೆ?

ಇದೆ. ಎಟಿ91ಎಸ್‌ಎಎಂ9 ಸರಣಿಯಲ್ಲಿ ಮೋಡ್ ರಿಜಿಸ್ಟರ್‌ಗೆ ರೀಸೆಟ್ ಆದ ಮೇಲೆ ಒಮ್ಮೆ ಮಾತ್ರ ಬರೆಯಬಹುದು. ಬೂಟ್‌ಲೋಡರ್ ಬರೆದಿದ್ದರೆ ನಿಮ್ಮ ಡೀಫಾಲ್ಟ್‌ಗೆ ಅಲ್ಲಿ ಜಾಗವೇ ಇಲ್ಲ, ಇದ್ದದ್ದನ್ನು ಓದಿಕೊಂಡು ಅದಕ್ಕೆ ತಕ್ಕಂತೆ ನಡೆಯಬೇಕು. ಐ.ಎಂಎಕ್ಸ್‌ನಲ್ಲಿ ಅವಧಿ ಬದಲಿಸಬಹುದು, ಅರ್ಧ ಸೆಕೆಂಡಿನ ಮೆಟ್ಟಿಲಿನಲ್ಲಿ 128 ಸೆಕೆಂಡಿನವರೆಗೆ. ಆದರೆ ಒಮ್ಮೆ ಆನ್ ಮಾಡಿದರೆ ಆಫ್ ಇಲ್ಲ.

ನೋ ವೇ ಔಟ್ ಆನ್ ಮಾಡಲಾ?

ಮಾರುವ ಡಬ್ಬಿಗೆ ಹೌದು, ಮೇಜಿನ ಮೇಲಿನ ಬೋರ್ಡಿಗೆ ಬೇಡ. ಇದು ಇಲ್ಲದಿದ್ದರೆ ಡೀಮನ್ ಫೈಲ್ ಮುಚ್ಚುವ ಮೊದಲು ದೊಡ್ಡ "ವಿ" ಅಕ್ಷರ ಬರೆದು ವಾಚ್‌ಡಾಗ್ ನಿಲ್ಲಿಸಬಹುದು. ಆನ್ ಇದ್ದರೆ ಆ ಮಂತ್ರ ನಡೆಯುವುದಿಲ್ಲ. ಡೀಬಗ್ಗರ್ ಹಾಕಿ ಡೀಮನ್ ನಿಲ್ಲಿಸಿದಿರೋ, ಬೋರ್ಡ್ ಹೋಯ್ತು.

ಇಟ್ಟ ಡೀಫಾಲ್ಟ್ ಸರಿ ಇದೆ ಅಂತ ಪರೀಕ್ಷೆ ಮಾಡುವುದು ಹೇಗೆ?

ಮೊದಲು ಸಿಸ್‌ಎಫ್‌ಎಸ್‌ನಲ್ಲಿ ವಾಚ್‌ಡಾಗ್ 0 ಕೆಳಗಿನ ಟೈಮ್‌ಔಟ್ ಫೈಲ್ ಓದಿ, ಇಲ್ಲವೇ ಡಬ್ಲ್ಯೂಡಿಸಿಟಿಎಲ್ ಕಮಾಂಡ್ ಓಡಿಸಿ. ಮೂರು ಸಲ ಬೂಟ್ ಮಾಡಿ: ಏನೂ ಕೊಡದೆ ಒಮ್ಮೆ, ಡಿವೈಸ್ ಟ್ರೀಯಲ್ಲಿ ಕೊಟ್ಟು ಒಮ್ಮೆ, ಅದರ ಮೇಲೆ ಪ್ಯಾರಾಮೀಟರ್ ಕೂಡ ಕೊಟ್ಟು ಒಮ್ಮೆ. ಮೂರಕ್ಕೂ ಮೂರು ಬೇರೆ ನಂಬರ್ ಬರಬೇಕು. ಇಷ್ಟನ್ನು ನಾನು ಮೊದಲೇ ಮಾಡಿದ್ದರೆ ಭೋಸರಿಗೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.

ಆದರೆ ಫೈಲ್ ಹೇಳುವುದು ಕೋರ್ ನಂಬಿದ ಸಂಖ್ಯೆಯನ್ನು, ಹಾರ್ಡ್‌ವೇರ್ ನಡೆಸುವ ಸಂಖ್ಯೆಯನ್ನಲ್ಲ. ಅದಕ್ಕೆ ಸ್ಟಾಪ್‌ವಾಚ್ ಬೇಕು. ಡೀಮನ್‌ಗೆ ಸ್ಟಾಪ್ ಸಿಗ್ನಲ್ ಕಳಿಸಿ, ಮೊಬೈಲಿನಲ್ಲಿ ಸಮಯ ನೋಡಿ. ಕೊನೆಯ ಪಿಂಗ್ ಯಾವಾಗ ಆಗಿತ್ತೋ ಗೊತ್ತಿಲ್ಲ, ಸ್ವಲ್ಪ ಬೇಗ ರೀಸೆಟ್ ಆದರೆ ಗಾಬರಿ ಬೇಡ. ತಡವಾದರೆ ಅಥವಾ ಬಹಳ ಬೇಗ ಆದರೆ ಗಡಿಯಾರದ ಲೆಕ್ಕ ತಪ್ಪಿದೆ. ಕನಿಷ್ಠಕ್ಕೊಮ್ಮೆ, ಗರಿಷ್ಠಕ್ಕೊಮ್ಮೆ ಹೀಗೇ ಮಾಡಿ. 24 ಮೆಗಾಹರ್ಟ್ಸ್‌ನ ಆ ಹುಳ ಗರಿಷ್ಠದ ಪರೀಕ್ಷೆಯಲ್ಲಿ ಮಾತ್ರ ಸಿಗುತ್ತದೆ. ಆಮೇಲೆ ಸಿಸ್‌ಆರ್‌ಕ್ಯೂ ಟ್ರಿಗರ್‌ಗೆ "ಸಿ" ಬರೆದು ಕರ್ನಲ್ಲನ್ನೇ ಬೀಳಿಸಿ ನೋಡಿ. ಪ್ಯಾನಿಕ್ ಆದಾಗ ತಾನೇ ರೀಬೂಟ್ ಆಗುವ ಸೆಟ್ಟಿಂಗನ್ನು ಮೊದಲು ಆಫ್ ಮಾಡಿ, ಇಲ್ಲದಿದ್ದರೆ ಎಬ್ಬಿಸಿದ್ದು ಯಾರು ಅಂತ ತಿಳಿಯುವುದಿಲ್ಲ. ಬೋರ್ಡ್ ಮೇಲೆ ಎದ್ದಾಗ ಬೂಟ್ ಸ್ಟೇಟಸ್‌ನಲ್ಲಿ ಕಾರ್ಡ್ ರೀಸೆಟ್ ಬಿಟ್ ಇದೆಯೇ ನೋಡಿ. ಎಲ್ಲ ಹಾರ್ಡ್‌ವೇರ್‌ಗಳೂ ಅದನ್ನು ಹೇಳುವುದಿಲ್ಲ, ಹೇಳುವಂಥದ್ದಾದರೆ ಡ್ರೈವರ್ ಅದನ್ನು ತುಂಬಿರಬೇಕು.

ಕೊನೆಯದು ನಮ್ಮ ಬೆಂಚಿನ ಪರೀಕ್ಷೆ. ಕಾರ್ಡಿನ ತುಂಬ ಫೈಲ್ ಹಾಕಿ, ಏನೋ ಬರೆಯುತ್ತಿರುವಾಗಲೇ ಪ್ಲಗ್ ಕಿತ್ತು, ಹತ್ತು ಸಲ ಬೂಟ್ ಮಾಡುತ್ತೇವೆ. ಅದಕ್ಕೆ ಇಲ್ಲಿ ಎಲ್ಲರೂ "ಗುರುವಾರ ಮಾಡೋದು" ಅಂತಾರೆ.